ರಾಧೇಯನಿಗೆ ಇಲ್ಲದೆ ಹೋದದ್ದೇನು?

ಗಮಕಿಗಳು ಕುಮಾರವ್ಯಾಸ ಭಾರತದ ಉದ್ಯೋಗಪರ್ವವನ್ನು ಹಾಡುತ್ತ ಕರ್ಣಭೇದನದ ಸಂದರ್ಭಕ್ಕೆ ಬಂದರೆಂದರೆ ಸಭೆ ತಾನಾಗಿಯೇ ನಿಶ್ಶಬ್ದವಾಗುತ್ತದೆ. ಗಮಕವಾಚನವನ್ನು ಕೇಳುತ್ತಲೇ ಬೆಳೆದ ಮನೆತನಗಳು ಹಲವಿರುವ ಮೈಸೂರಿನಂಥ ಊರಿನಲ್ಲಿ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕೃಷ್ಣನು ಕರ್ಣನನ್ನು ಕೈಹಿಡಿದು ರಥದಲ್ಲಿ ತನ್ನ ಬಳಿ ಕುಳ್ಳಿರಿಸಿಕೊಂಡು, ಅವನ ಹುಟ್ಟಿನ ಗುಟ್ಟನ್ನು ಬಿಚ್ಚಿ ಹೇಳುತ್ತಾನೆ. ಹಿಂದಿನ ಸಾಲಿನಲ್ಲಿ ಕುಳಿತ ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾರೆ. ಗಂಡಸರು ಗಂಟಲು ಸರಿಪಡಿಸಿಕೊಳ್ಳುತ್ತಾರೆ. ವಾಚನ ಮುಗಿದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: “ಪಾಪ, ತಾಯಿಯಿಲ್ಲದ ತಬ್ಬಲಿ!”

ಆದರೆ ಈ ಮಾತು ನಿಜವೇ? ಕರ್ಣನಿಗೆ ತಾಯಿ ಇರಲಿಲ್ಲವೇ? ಎದೆಹಾಲುಣಿಸಿದ ರಾಧೆ ಇದ್ದಳು. ತಂದೆ ಇರಲಿಲ್ಲವೇ? ಹೆಗಲ ಮೇಲೆ ಹೊತ್ತು ಬೆಳೆಸಿದ ಅಧಿರಥನಿದ್ದ. ವಾತ್ಸಲ್ಯದಲ್ಲಿ ಆ ಮಗುವಿಗೆ ಯಾವ ಕೊರತೆಯೂ ಆಗಲಿಲ್ಲ. ಹಾಗಿದ್ದೂ ಅವನ ಬಾಳು ದುರಂತವಾಯಿತು. ಹಾಗಾದರೆ ಅವನಿಗೆ ಇಲ್ಲದೆ ಹೋದದ್ದಾದರೂ ಏನು? ಈ ಪ್ರಶ್ನೆ ಪುರಾಣಕ್ಕೆ ಮಾತ್ರ ಸಂಬಂಧಪಟ್ಟದ್ದಲ್ಲ. ಮಕ್ಕಳಿರುವ ಪ್ರತಿಯೊಂದು ಮನೆಯ ಹೊಸಲಿನಲ್ಲಿಯೂ ಇದು ನಿಂತಿದೆ.

ಕಥೆಗೆ ಕವಿಗಳು ಹಲವರು. ಸುಮಾರು 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದ ಪಂಪನು ಅರ್ಜುನನನ್ನು ತನ್ನ ಆಶ್ರಯದಾತ ಅರಿಕೇಸರಿಯೊಡನೆ ಒಂದುಗೂಡಿಸಿ ಕಥಾನಾಯಕನನ್ನಾಗಿ ಮಾಡಿದರೂ, ಸ್ಮರಣೀಯರ ಸಾಲಿನಲ್ಲಿ ಕರ್ಣನನ್ನೇ ಮುಂದೆ ನಿಲ್ಲಿಸಿದ. ಕುಮಾರವ್ಯಾಸನು ಅವನ ಕಣ್ಣೀರನ್ನು ಕನ್ನಡಿಗರೆಲ್ಲರ ಕಣ್ಣೀರನ್ನಾಗಿ ಮಾಡಿದ. ಈ ಲೇಖನದಲ್ಲಿ ಬರುವ ಘಟನೆಗಳನ್ನು ಮುಖ್ಯವಾಗಿ ವ್ಯಾಸಭಾರತವನ್ನು ಅನುಸರಿಸಿ ಹೇಳಿದೆ.

ಕೊಟ್ಟುಬಿಟ್ಟ ಮಗಳು

ಕರ್ಣನನ್ನು ಹೊಳೆಗೆ ಬಿಟ್ಟ ಕುಂತಿಯನ್ನು ಹಳಿಯುವ ಮೊದಲು ಅವಳ ಬಾಲ್ಯವನ್ನು ಒಮ್ಮೆ ನೋಡುವುದು ನ್ಯಾಯ. ಅವಳು ಶೂರಸೇನನ ಮಗಳು, ಹುಟ್ಟುಹೆಸರು ಪೃಥೆ. ಮಕ್ಕಳಿಲ್ಲದ ತನ್ನ ಬಂಧು ಕುಂತಿಭೋಜನಿಗೆ ಕೊಟ್ಟ ಮಾತಿನಂತೆ ಶೂರಸೇನನು ಆ ಹುಡುಗಿಯನ್ನು ದತ್ತು ಕೊಟ್ಟುಬಿಟ್ಟ. ಎಷ್ಟೋ ವರ್ಷಗಳ ಅನಂತರ, ಮೊಮ್ಮಕ್ಕಳನ್ನು ಕಾಣುವ ವಯಸ್ಸಿನಲ್ಲಿಯೂ, ಕುಂತಿ ಕೃಷ್ಣನ ಮುಂದೆ ಈ ನೋವನ್ನು ತೋಡಿಕೊಳ್ಳುತ್ತಾಳೆ: ಚೆಂಡಾಡುವ ವಯಸ್ಸಿನಲ್ಲಿದ್ದ ತನ್ನನ್ನು, ಸಿರಿವಂತನು ಹಣವನ್ನು ಕೊಡುವಂತೆ, ತಂದೆಯು ಇನ್ನೊಬ್ಬರಿಗೆ ಕೊಟ್ಟುಬಿಟ್ಟನೆಂದು. ತನ್ನ ದುಃಖಗಳಿಗೆ ದುರ್ಯೋಧನನನ್ನಲ್ಲ, ಆ ತಂದೆಯನ್ನೇ ಅವಳು ದೂರುತ್ತಾಳೆ.

ಸಾಕುತಂದೆ ಅವಳನ್ನು ಪ್ರೀತಿಯಿಂದಲೇ ಬೆಳೆಸಿದ. ಆದರೆ ಮುಂಗೋಪಿಯಾದ ದುರ್ವಾಸ ಮುನಿ ಅರಮನೆಗೆ ಬಂದಾಗ ಅವನ ಸೇವೆಯ ಭಾರವನ್ನು ಆ ಕನ್ಯೆಯ ತಲೆಗೇ ಕಟ್ಟಿದ. ಒಂದು ವರ್ಷ ಕಾಲ ಅವಳು ತಪ್ಪಿಲ್ಲದೆ ನಡೆದುಕೊಂಡಳು. ಮುನಿ ಮೆಚ್ಚಿ ಮಂತ್ರವನ್ನು ಕೊಟ್ಟ. ದೇವತೆಗಳನ್ನೇ ಬರಿಸುವ ಮಂತ್ರ ಎಳೆಯ ಹುಡುಗಿಯ ಕೈಗೆ ಬಂದಾಗ, ಅದರ ಪರಿಣಾಮವೇನೆಂದು ಎಚ್ಚರಿಸುವ ಹಿರಿಯರು ಯಾರೂ ಪಕ್ಕದಲ್ಲಿರಲಿಲ್ಲ. ಕುತೂಹಲ ಸೂರ್ಯನನ್ನು ಕರೆಯಿತು. ಕವಚಕುಂಡಲಗಳೊಡನೆ ಮಗು ಹುಟ್ಟಿತು.

ಲೋಕಾಪವಾದಕ್ಕೆ ಬೆದರಿದ ಕುಂತಿ ತನ್ನ ದಾದಿಯೊಬ್ಬಳ ಹೊರತು ಮತ್ತಾರಿಗೂ ಬಾಯಿ ಬಿಡಲಿಲ್ಲ. ಮೇಣ ಬಳಿದ ಪೆಟ್ಟಿಗೆಯಲ್ಲಿ ಹಾಸಿಗೆ ಹಾಸಿ, ಮಗುವನ್ನು ಮಲಗಿಸಿ, ಅಶ್ವನದಿಯಲ್ಲಿ ತೇಲಿಬಿಟ್ಟಳು. ಹಾಗೆ ಬಿಡುವಾಗ, ಈ ಮಗುವನ್ನು ಎತ್ತಿಕೊಂಡು ಎದೆಹಾಲು ಕೊಡಲಿರುವ ಆ ಕಾಣದ ಹೆಣ್ಣೇ ಧನ್ಯೆಯೆಂದು ಹಂಬಲಿಸಿ ಅತ್ತಳೆಂದು ವ್ಯಾಸರು ಹೇಳುತ್ತಾರೆ. ಕಲ್ಲುಮನಸ್ಸಿನ ತಾಯಿಯ ಅಳುವಲ್ಲ ಅದು. ಹೇಳಿಕೊಳ್ಳಲು ತಾಯಿಯಿಲ್ಲದ ಹುಡುಗಿಯೊಬ್ಬಳ ಅಳು.

ಆದ್ದರಿಂದ ಹೊಳೆಯ ದಡದಲ್ಲಿ ನಡೆದದ್ದನ್ನು ನಾವು ಕ್ಷಮಿಸಬಹುದು. ಭಯದಲ್ಲಿ ಮಾಡಿದ ಒಂದು ದಿನದ ಕೆಲಸ ಅದು. ಕ್ಷಮೆಗೆ ಕಷ್ಟವಾಗುವುದು ಅದಾದ ಮೇಲಿನ ವರ್ಷಗಳು.

ರಾಧೆಯ ಮಡಿಲು

ಪೆಟ್ಟಿಗೆ ಅಶ್ವನದಿಯಿಂದ ಚರ್ಮಣ್ವತಿಗೆ, ಅಲ್ಲಿಂದ ಯಮುನೆಗೆ, ಯಮುನೆಯಿಂದ ಗಂಗೆಗೆ ತೇಲಿ, ಅಂಗದೇಶದ ಚಂಪಾನಗರದ ಬಳಿಗೆ ಬಂತು. ಧೃತರಾಷ್ಟ್ರನ ಸ್ನೇಹಿತನಾದ ಸೂತ ಅಧಿರಥನೂ ಅವನ ಹೆಂಡತಿ ರಾಧೆಯೂ ಅದನ್ನು ಕಂಡರು. ಮಕ್ಕಳಿಲ್ಲದ ಆ ದಂಪತಿಗಳು ಮಗುವನ್ನು ದೇವರು ಕೊಟ್ಟ ಭಾಗ್ಯವೆಂದು ಎತ್ತಿಕೊಂಡು, ವಸುಷೇಣನೆಂದು ಹೆಸರಿಟ್ಟರು. ಮುಂದೆ ಅವರಿಗೆ ಸ್ವಂತ ಮಕ್ಕಳೂ ಆದರು. ಆದರೂ ಹೊಳೆಯಲ್ಲಿ ಬಂದ ಮಗ ಹೊರಗಿನವನಾಗಲಿಲ್ಲ.

ಈ ಮನೆಯ ಪ್ರೀತಿ ಎಂಥದೆಂಬುದಕ್ಕೆ ಕರ್ಣನೇ ಸಾಕ್ಷಿ. ಪಾಂಡವರ ಜ್ಯೇಷ್ಠನಾಗು, ರಾಜ್ಯವೆಲ್ಲ ನಿನ್ನದೆಂದು ಕೃಷ್ಣನು ಆಸೆ ತೋರಿಸಿದಾಗ ಅವನು ಕೊಟ್ಟ ಉತ್ತರ ಉದ್ಯೋಗಪರ್ವದಲ್ಲಿದೆ. ತನ್ನ ಜನ್ಮದ ವಿಷಯ ತನಗೆ ತಿಳಿದೇ ಇದೆಯೆಂದು ಮೊದಲು ಹೇಳುತ್ತಾನೆ. ಆಮೇಲೆ ಎತ್ತುವ ಮಾತು ರಾಜ್ಯದ್ದಲ್ಲ, ಕ್ಷತ್ರಿಯತ್ವದ್ದೂ ಅಲ್ಲ. ತನ್ನನ್ನು ಕಂಡೊಡನೆ ವಾತ್ಸಲ್ಯದಿಂದಲೇ ರಾಧೆಗೆ ಎದೆಹಾಲು ಉಕ್ಕಿತು. ತನ್ನ ಮಲಮೂತ್ರಗಳನ್ನು ಬಳಿದವಳು ಅವಳು. ಜಾತಕರ್ಮ ಮಾಡಿಸಿದವನು, ಹೆಸರಿಟ್ಟವನು, ಮದುವೆ ಮಾಡಿದವನು ಅಧಿರಥ. ಅವರಿಗೆ ತಾನು ಪಿಂಡವನ್ನು ತಪ್ಪಿಸುವುದು ಹೇಗೆ? ಭೂಮಂಡಲವನ್ನೇ ಕೊಟ್ಟರೂ, ಹೊನ್ನಿನ ರಾಶಿಯನ್ನೇ ಸುರಿದರೂ ಈ ನಂಟನ್ನು ಸುಳ್ಳುಮಾಡಲಾರೆನೆಂದು ಹೇಳಿ ಮಾತು ಮುಗಿಸುತ್ತಾನೆ.

ಮಹಾಭಾರತದಲ್ಲಿ ವೀರರು ಆಡಿದ ಮಾತುಗಳು ಸಾವಿರಾರಿವೆ. ಆದರೆ ಕೂಸಿನ ಮಲಮೂತ್ರ ಬಳಿದ ಕೈಗಳನ್ನು ನೆನೆದು ಸಾಮ್ರಾಜ್ಯವನ್ನು ಬೇಡವೆಂದವನು ಇವನೊಬ್ಬನೇ. ಸಾಕಿದವರನ್ನು ಇದಕ್ಕಿಂತ ಹೆಚ್ಚಾಗಿ ಗೌರವಿಸುವ ಮಾತು ಯಾವ ಭಾಷೆಯಲ್ಲಿದ್ದೀತು!

ಮೌನದ ಬೆಲೆ

ಹಾಗಾದರೆ ಕೊರತೆ ಎಲ್ಲಿ? ಹಸ್ತಿನಾಪುರದ ರಂಗಭೂಮಿಗೆ ಹೋಗೋಣ. ರಾಜಕುಮಾರರ ಅಸ್ತ್ರವಿದ್ಯೆಯ ಪ್ರದರ್ಶನ ನಡೆದಿದೆ. ಅರ್ಜುನನ ಕೈಚಳಕವನ್ನು ಕಂಡು ಜನ ಜಯಘೋಷ ಮಾಡುತ್ತಿರುವಾಗ ಕರ್ಣ ಪ್ರವೇಶಿಸಿ, ಅವನು ಮಾಡಿದ್ದನ್ನೆಲ್ಲ ತಾನೂ ಮಾಡಿ ತೋರಿಸಿ, ದ್ವಂದ್ವಯುದ್ಧಕ್ಕೆ ಕರೆಯುತ್ತಾನೆ. ಆಗ ಕೃಪಾಚಾರ್ಯ ಎದ್ದು ನಿಂತು ಕೇಳುತ್ತಾನೆ: ಅರ್ಜುನನ ಕುಲ ಇದು; ನಿನ್ನ ತಾಯಿ ಯಾರು, ತಂದೆ ಯಾರು, ಯಾವ ವಂಶ?

ಕರ್ಣನ ತಲೆ ಬಾಗಿತು. ಈ ಪ್ರಶ್ನೆಗೆ ಉತ್ತರ ಬಲ್ಲವಳೊಬ್ಬಳು ಅದೇ ಸಭೆಯಲ್ಲಿ, ಹೆಂಗಸರ ನಡುವೆ ಕುಳಿತಿದ್ದಳು. ಕವಚಕುಂಡಲಗಳನ್ನು ಕಂಡು ಅವಳು ಮಗನನ್ನು ಗುರುತಿಸಿದ್ದಳು. ಅಷ್ಟೇ ಅಲ್ಲ, ಮಗು ಅಂಗದೇಶದಲ್ಲಿ ಸೂತನ ಮನೆಯಲ್ಲಿ ಬೆಳೆಯುತ್ತಿರುವುದನ್ನು ಗೂಢಚಾರರ ಮೂಲಕ ಅವಳು ಮೊದಲೇ ತಿಳಿದುಕೊಂಡಿದ್ದಳೆಂದು ವನಪರ್ವ ಹೇಳುತ್ತದೆ. ಬಲ್ಲವಳು ಬಾಯಿ ತೆರೆಯಲಿಲ್ಲ, ಮೂರ್ಛೆ ಹೋದಳು. ವಿದುರನು ದಾಸಿಯರಿಂದ ಗಂಧೋದಕ ಚಿಮುಕಿಸಿ ಎಚ್ಚರಗೊಳಿಸಿದ. ಎಚ್ಚೆತ್ತ ಮೇಲೂ ಅವಳಿಂದ ಮಾತು ಬರಲಿಲ್ಲ.

ಆ ಮೌನ ಎಷ್ಟು ಹೊತ್ತು ಇದ್ದೀತು? ಕೆಲವು ಕ್ಷಣ. ಆದರೆ ತೆರವಾದ ಜಾಗ ತೆರವಾಗಿಯೇ ಉಳಿಯುವುದಿಲ್ಲ. ಕುಂತಿ ತುಂಬಬೇಕಾಗಿದ್ದ ಆ ಕ್ಷಣವನ್ನು ದುರ್ಯೋಧನ ತುಂಬಿದ. ಅಲ್ಲಿಯೇ ಅಂಗರಾಜ್ಯದ ಅಭಿಷೇಕ ಮಾಡಿಸಿದ. ಪ್ರತಿಯಾಗಿ ಏನು ಕೊಡಲೆಂದು ಕರ್ಣ ಕೇಳಿದಾಗ, ನಿನ್ನ ಸ್ನೇಹವೊಂದೇ ಸಾಕೆಂದ. ತಾಯಿ ಕೊಡಬೇಕಾಗಿದ್ದ ಗೌರವವನ್ನು ಯಾರು ಕೊಟ್ಟರೋ ಅವರಿಗೆ ಮಗ ತನ್ನ ಬಾಳನ್ನೇ ಬರೆದುಕೊಟ್ಟ. ಕುರುಕ್ಷೇತ್ರದ ಬೀಜ ಬಿದ್ದದ್ದು ದ್ಯೂತಸಭೆಯಲ್ಲಿ ಎನ್ನುತ್ತಾರೆ. ಅದಕ್ಕೂ ಮೊದಲೇ, ಈ ರಂಗಭೂಮಿಯಲ್ಲಿ, ಒಂದು ಬೀಜ ಬಿದ್ದಿತ್ತು.

ಅದೇ ದಿನದ ಇನ್ನೊಂದು ದೃಶ್ಯವನ್ನು ವ್ಯಾಸರು ಚಿತ್ರಿಸುತ್ತಾರೆ. ಮಗನ ಅಭಿಷೇಕದ ಸುದ್ದಿ ಕೇಳಿ ಮುದುಕ ಅಧಿರಥ, ಉತ್ತರೀಯ ಜಾರುತ್ತಿರಲು, ಬೆವರಿ ನಡುಗುತ್ತ, ಕೋಲೂರಿಕೊಂಡು ಸಭೆಗೆ ಬರುತ್ತಾನೆ. ಹೊಸದಾಗಿ ಅರಸನಾದ ಕರ್ಣ ಬಿಲ್ಲನ್ನು ಕೆಳಗಿಟ್ಟು, ಅಭಿಷೇಕದಿಂದ ಒದ್ದೆಯಾದ ತಲೆಯನ್ನೇ ಅವನ ಕಾಲಿಗೆ ಮುಟ್ಟಿಸುತ್ತಾನೆ. ಅರಸನ ತಲೆ ತನ್ನ ಪಾದಕ್ಕೆ ಸೋಕಬಾರದೆಂದು ಮುದುಕ ಬಟ್ಟೆಯ ಅಂಚಿನಿಂದ ಕಾಲು ಮುಚ್ಚಿಕೊಳ್ಳುತ್ತಾನೆ. ಮಗನನ್ನು ತಬ್ಬಿಕೊಂಡು, ಆ ತಲೆಯನ್ನು ಕಣ್ಣೀರಿನಿಂದ ಮತ್ತೊಮ್ಮೆ ತೋಯಿಸುತ್ತಾನೆ. ಇದನ್ನು ನೋಡಿ ಭೀಮ ನಗುತ್ತಾನೆ: ಸೂತನ ಮಗನೇ, ನಿನ್ನ ಕುಲಕ್ಕೆ ತಕ್ಕಂತೆ ಚಾವಟಿ ಹಿಡಿ!

ವಾಚಕರು ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಸಾಕುತಂದೆಯ ಪ್ರೀತಿಯಲ್ಲಿ ಎಳ್ಳಷ್ಟೂ ಊನವಿಲ್ಲ. ಆದರೆ ಅಂದಿನ ಲೋಕ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಕೊಡುವ ಅಧಿಕಾರ ಅವನಿಗಿರಲಿಲ್ಲ. ಆ ಅಧಿಕಾರವಿದ್ದವಳು ಸುಮ್ಮನಿದ್ದಳು. ಕರ್ಣನಿಗೆ ಇಲ್ಲದೆ ಹೋದದ್ದು ಅನ್ನವಲ್ಲ, ಅಕ್ಕರೆಯಲ್ಲ. ‘ಇವನು ನನ್ನ ಮಗ’ ಎಂದು ನಾಲ್ಕು ಜನರ ಮುಂದೆ ಹೇಳುವ ಒಂದು ಮಾತು!

ಷರತ್ತು ಹಾಕಿದ ಹಿರಿಯರು

ಆ ಮಾತಿಗಾಗಿ ಅವನು ಬಾಳೆಲ್ಲ ಅಲೆದ. ಅವನ ಪಾಲಿಗೆ ತಂದೆಯ ಸ್ಥಾನದಲ್ಲಿ ನಿಲ್ಲಬಹುದಾಗಿದ್ದ ಹಿರಿಯರು ಒಬ್ಬಿಬ್ಬರಲ್ಲ. ದ್ರೋಣನ ಬಳಿ ಬ್ರಹ್ಮಾಸ್ತ್ರ ಬೇಡಿದ. ಅದು ಬ್ರಾಹ್ಮಣನಿಗೆ ಅಥವಾ ವ್ರತನಿಷ್ಠನಾದ ಕ್ಷತ್ರಿಯನಿಗೆ ಮಾತ್ರವೆಂದು ದ್ರೋಣ ಕೈಬಿಟ್ಟ. ಪರಶುರಾಮನ ಬಳಿಗೆ ಹೋಗಿ, ತಾನು ಭಾರ್ಗವ ಬ್ರಾಹ್ಮಣನೆಂದು ಸುಳ್ಳು ಹೇಳಿ ಕಲಿತ. ಗುರು ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಗ ಹುಳುವೊಂದು ತೊಡೆಯನ್ನು ಕೊರೆಯಿತು. ಗುರುವಿನ ನಿದ್ದೆ ಕೆಡಬಾರದೆಂದು ಅವನು ನೋವನ್ನು ನುಂಗಿ ಅಲುಗಾಡದೆ ಕುಳಿತ. ರಕ್ತದ ಸ್ಪರ್ಶಕ್ಕೆ ಎಚ್ಚೆತ್ತ ಗುರು, ಇಷ್ಟು ಸಹನೆ ಬ್ರಾಹ್ಮಣನದಲ್ಲವೆಂದು ಸಂಶಯಪಟ್ಟು, ನಿಜ ತಿಳಿದು, ಅಗತ್ಯದ ಗಳಿಗೆಯಲ್ಲಿ ಅಸ್ತ್ರ ಮರೆತುಹೋಗಲೆಂದು ಶಪಿಸಿದ. ಮಗನಂತೆ ನಡೆದುಕೊಂಡದ್ದೇ ಅವನ ಗುಟ್ಟನ್ನು ಹೊರಗೆಡಹಿತು!

ಹೆತ್ತ ತಂದೆ ಸೂರ್ಯನೋ ಕನಸಿನಲ್ಲಿ ಬಂದ. ಕವಚಕುಂಡಲಗಳನ್ನು ಬೇಡಲು ಇಂದ್ರ ಬರುತ್ತಾನೆ, ಕೊಡಬೇಡವೆಂದು ಎಚ್ಚರಿಸಿದ. ಇಂದ್ರ ಬಂದದ್ದು ಅರ್ಜುನನ ತಂದೆಯಾಗಿ, ತನ್ನ ಮಗನ ಕ್ಷೇಮಕ್ಕಾಗಿ. ಒಬ್ಬ ತಂದೆ ತನ್ನ ಮಗನಿಗಾಗಿ ವೇಷ ಹಾಕಿ ಭಿಕ್ಷೆಗೆ ಇಳಿದ. ಇನ್ನೊಬ್ಬ ತಂದೆಗೆ ತನ್ನ ಮಗನನ್ನು ಹಗಲಿನಲ್ಲಿ ಮಗನೆಂದು ಕರೆಯಲಾಗಲಿಲ್ಲ. ಹಿರಿಯನಾದ ಭೀಷ್ಮನಿಗೂ ನಾರದ ಮತ್ತು ವ್ಯಾಸರಿಂದ ಕರ್ಣನ ಜನ್ಮರಹಸ್ಯ ತಿಳಿದಿತ್ತು. ಅದನ್ನು ಅವನು ಕರ್ಣನೆದುರು ಆಡಿದ್ದು ಶರಶಯ್ಯೆಯ ಮೇಲೆ ಮಲಗಿದ ಅನಂತರ. ಅಷ್ಟರಲ್ಲಿ ಯುದ್ಧದ ಹತ್ತು ದಿನಗಳು ಕಳೆದಿದ್ದವು.

ಗಂಗೆಯ ದಡದಲ್ಲಿ ತಾಯಿ ಮಗ

ಯುದ್ಧ ನಿಶ್ಚಯವಾದಾಗ ಕುಂತಿ ಕರ್ಣನನ್ನು ಹುಡುಕಿಕೊಂಡು ಗಂಗೆಯ ದಡಕ್ಕೆ ಹೋದಳು. ಅವನು ತೋಳೆತ್ತಿ ಪೂರ್ವಾಭಿಮುಖವಾಗಿ ಜಪದಲ್ಲಿದ್ದ. ಬಿಸಿಲಿಗೆ ಬಾಡಿ, ಅವಳು ಮಗನ ಉತ್ತರೀಯದ ನೆರಳಿನಲ್ಲಿ ನಿಂತು ಕಾದಳು. ಮಗನಿಗೆ ನೆರಳಾಗದ ತಾಯಿಗೆ ಕಡೆಗೆ ಮಗನ ಬಟ್ಟೆಯೇ ನೆರಳಾಯಿತು.

ಹಿಂತಿರುಗಿ ನೋಡಿದ ಕರ್ಣ ಕೈಮುಗಿದು, ತಾನು ರಾಧೆಯ ಮಗ, ಅಧಿರಥನ ಮಗನೆಂದು ಪರಿಚಯ ಹೇಳಿಕೊಂಡ. ಕುಂತಿ ಸತ್ಯ ಹೇಳಿದಳು. ಅವನ ಉತ್ತರ ಕಠಿಣವಾಗಿತ್ತು: ಯಾವ ಶತ್ರುವೂ ಮಾಡದ ಕೇಡನ್ನು ನೀನು ನನಗೆ ಮಾಡಿದೆ; ತಾಯಿಯಂತೆ ನನ್ನ ಹಿತವನ್ನು ಎಂದೂ ನೋಡದವಳು ಈಗ ನಿನ್ನ ಹಿತಕ್ಕಾಗಿ ಬಂದಿರುವೆ. ಆದರೂ ಬರಿಗೈಯಲ್ಲಿ ಕಳುಹಿಸಲಿಲ್ಲ. ಅರ್ಜುನನ ಹೊರತು ಉಳಿದ ನಾಲ್ವರನ್ನು ಕೊಲ್ಲುವುದಿಲ್ಲ. ತಾನು ಸತ್ತರೂ ಅರ್ಜುನ ಸತ್ತರೂ ನಿನಗೆ ಐವರು ಮಕ್ಕಳು ಉಳಿಯುತ್ತಾರೆಂದು ಭಾಷೆ ಕೊಟ್ಟ.

ಅಂದು ಆ ಮಾತನ್ನು ಕೇಳಿದವರು ಇಬ್ಬರೇ: ನೀರು ಮತ್ತು ಸೂರ್ಯ. ಸಭೆಯಲ್ಲಿ ಆಡಬೇಕಾಗಿದ್ದ ಮಾತನ್ನು ಏಕಾಂತದಲ್ಲಿ ಆಡಿದಳು. ಹತ್ತಾರು ವರ್ಷ ತಡವಾಗಿ ಆಡಿದಳು. ಒಂದು ಪ್ರಯೋಜನವನ್ನು ಮನಸ್ಸಿನಲ್ಲಿಟ್ಟುಕೊಂಡು ಆಡಿದಳು. ಸತ್ಯವೇ ಆದರೂ, ಹೊತ್ತು ಮೀರಿ ಬಂದ ಸತ್ಯ ಕರ್ಣನ ಕೈಯಲ್ಲಿದ್ದ ಆಯುಧದ ತೂಕವನ್ನು ಹೆಚ್ಚಿಸಿತೇ ಹೊರತು ಎದೆಯ ಭಾರವನ್ನು ಇಳಿಸಲಿಲ್ಲ.

ಗ್ರೀಕರ ದೊರೆ, ವೆರೋನಾದ ಹುಡುಗಿ

ಕರ್ಣನ ಕಥೆಯನ್ನು ರುದ್ರನಾಟಕದ ಕಣ್ಣಿನಿಂದ ನೋಡುವುದನ್ನು ಕನ್ನಡಿಗರಿಗೆ ಕಲಿಸಿದವರಲ್ಲಿ ಹಳೆಯ ಮೈಸೂರಿನ ಮಹನೀಯರ ಪಾತ್ರ ದೊಡ್ಡದು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಬೋಧಿಸುತ್ತಿದ್ದ ಬಿ. ಎಂ. ಶ್ರೀಕಂಠಯ್ಯನವರು ಸೊಫೊಕ್ಲೀಸನ ‘ಏಜಾಕ್ಸ್’ ನಾಟಕವನ್ನು 1929ರಲ್ಲಿ ‘ಅಶ್ವತ್ಥಾಮನ್’ ಆಗಿ ಕನ್ನಡಕ್ಕೆ ಹೊಂದಿಸಿದರು. ಟಿ. ಪಿ. ಕೈಲಾಸಂ ಅವರು ಕರ್ಣನನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ಐದಂಕದ ನಾಟಕ, ಅವರು ತೀರಿಕೊಂಡ ವರ್ಷವಾದ 1946ರಲ್ಲಿ ಪ್ರಕಟವಾಯಿತು. ಅದರ ಹೆಸರಿನ ಕೆಳಗೆ ಅದು ಸೊಫೊಕ್ಲೀಸನ ಛಾಯೆಯೆಂದು ಅವರು ಸೂಚಿಸಿದ್ದರು.

ಕರ್ಣನ ಪಕ್ಕದಲ್ಲಿ ಸೊಫೊಕ್ಲೀಸನ ನೆನಪು ಬಂದದ್ದು ಸಹಜವೇ. ಅವನ ದೊರೆ ಈಡಿಪಸನೂ ಹೆತ್ತವರು ಎಸೆದ ಮಗು. ಮಗನಿಂದ ಸಾವಿದೆಯೆಂಬ ಭವಿಷ್ಯವಾಣಿಗೆ ಹೆದರಿದ ಥೀಬ್ಸ್ ನಗರದ ದೊರೆ ಲೇಯಸನು ಮೂರು ದಿನದ ಕೂಸಿನ ಕಾಲ್ಗಂಟುಗಳನ್ನು ಬಿಗಿಸಿ ಬೆಟ್ಟದಲ್ಲಿ ಎಸೆಯಲು ಆಳಿಗೆ ಕೊಟ್ಟ. ಆಳು ಮರುಗಿ ಅದನ್ನು ಇನ್ನೊಬ್ಬ ಕುರುಬನಿಗೆ ಕೊಟ್ಟ. ಮಕ್ಕಳಿಲ್ಲದ ಕೊರಿಂಥದ ರಾಜದಂಪತಿಗಳ ಮಡಿಲಿಗೆ ಅದು ಸೇರಿತು. ಅವರೂ ರಾಧೆ ಅಧಿರಥರಂತೆ ಅಕ್ಕರೆಯಿಂದ ಬೆಳೆಸಿದರು. ಆದರೆ ಔತಣವೊಂದರಲ್ಲಿ ಕುಡುಕನೊಬ್ಬ ನೀನು ನಿನ್ನ ತಂದೆಯ ಮಗನಲ್ಲವೆಂದು ಹಂಗಿಸಿದಾಗ, ಈಡಿಪಸ್ ಅವರನ್ನೇ ಕೇಳಿದ. ಅವರು ಕುಡುಕನ ಮೇಲೆ ಕೋಪಗೊಂಡರು. ಸತ್ಯವನ್ನು ಮಾತ್ರ ಹೇಳಲಿಲ್ಲ. ದೇವವಾಣಿಯನ್ನು ಕೇಳಲು ಹೋದ ಅವನಿಗೆ ತಂದೆಯನ್ನು ಕೊಲ್ಲುವೆಯೆಂಬ ಮಾತು ಕೇಳಿಬಂತು. ಸಾಕಿದ ತಂದೆಯನ್ನೇ ತಂದೆಯೆಂದು ನಂಬಿ, ಅವನನ್ನು ಉಳಿಸಲು ಕೊರಿಂಥವನ್ನು ಬಿಟ್ಟು ಓಡಿದ. ದಾರಿಯಲ್ಲಿ ಸಿಕ್ಕ ಹೆತ್ತ ತಂದೆಯನ್ನು ಕೊಂದ. ಸಾಕಿದವರ ಪ್ರೀತಿಯಲ್ಲಿ ಸುಳ್ಳು ಬೆರೆತರೆ ಅದೂ ವಿಷವಾದೀತು.

ಹೆತ್ತವರು ಮಗುವನ್ನು ದೂರ ತಳ್ಳಿದ ಕಥೆಗಳಾದವು ಇವು. ಒಂದೇ ಸೂರಿನ ಕೆಳಗಿದ್ದುಕೊಂಡೇ ಮಗುವನ್ನು ಅರಿಯದ ಹೆತ್ತವರ ಕಥೆ ಷೇಕ್ಸ್‌ಪಿಯರನ ‘ರೋಮಿಯೋ ಅಂಡ್ ಜೂಲಿಯೆಟ್’. ಜೂಲಿಯೆಟ್ಟಳಿಗೆ ಇನ್ನೂ ಹದಿನಾಲ್ಕು ತುಂಬಿಲ್ಲ. ಮದುವೆಯ ಮಾತೆತ್ತಲು ಬಂದ ತಾಯಿ ಮಗಳೊಡನೆ ಏಕಾಂತ ಬೇಕೆಂದು ದಾದಿಯನ್ನು ಹೊರಗೆ ಕಳುಹಿಸುತ್ತಾಳೆ. ಮರುಕ್ಷಣವೇ, ದಾದಿಯಿಲ್ಲದೆ ಮಾತಾಡಲು ತೋಚದೆ, ವಾಪಸು ಕರೆಯುತ್ತಾಳೆ. ಮಗಳು ಹುಟ್ಟಿದ ದಿನ, ಹಾಲು ಬಿಡಿಸಿದ ದಿನ, ಎಡವಿ ಬಿದ್ದ ದಿನ, ಎಲ್ಲವೂ ದಾದಿಯ ನಾಲಗೆಯ ತುದಿಯಲ್ಲಿದೆ. ಹುಡುಗಿ ತನ್ನ ಪ್ರೇಮದ ಗುಟ್ಟನ್ನು ಹೇಳಿಕೊಂಡದ್ದು ಈ ದಾದಿಯ ಬಳಿ. ಮೊರೆಯಿಟ್ಟದ್ದು ಲಾರೆನ್ಸ್ ಎಂಬ ಸಂನ್ಯಾಸಿಯ ಬಳಿ.

ಆದರೆ ಸಂಕಟದ ಗಳಿಗೆಯಲ್ಲಿ ಏನಾಯಿತು? ಹೇಳಿದವನನ್ನು ಮದುವೆಯಾಗದಿದ್ದರೆ ಬೀದಿಗೆ ತಳ್ಳುತ್ತೇನೆಂದು ತಂದೆ ಅಬ್ಬರಿಸಿದ. ತಾಯಿ ಮುಖ ತಿರುಗಿಸಿದಳು. ಎತ್ತಿ ಆಡಿಸಿದ ದಾದಿ, ಮೊದಲ ಗಂಡನನ್ನು ಮರೆತು ಎರಡನೆಯವನನ್ನು ಒಪ್ಪಿಕೋ ಎಂದಳು. ಉಪಾಯ ಹೂಡಿದ ಸಂನ್ಯಾಸಿ, ಸಮಾಧಿಯಲ್ಲಿ ಕಾವಲುಗಾರರ ಸದ್ದು ಕೇಳಿದೊಡನೆ ಹುಡುಗಿಯನ್ನು ಒಬ್ಬಳೇ ಬಿಟ್ಟು ಓಡಿದ. ಅವರಿಬ್ಬರೂ ಕೆಟ್ಟವರಲ್ಲ. ತಾಯಿತಂದೆಯರ ಕೆಲಸವನ್ನು ತಾವು ಮಾಡುತ್ತಿದ್ದೇವೆಂದುಕೊಂಡಿದ್ದರು. ತಾಯಿತಂದೆಯರ ಹೊಣೆಯನ್ನು ಮಾತ್ರ ಹೊರಲಿಲ್ಲ.

ಈ ನಾಟಕವನ್ನು ಆನಂದರಾಯರು 1889ರಲ್ಲಿ ‘ರಾಮವರ್ಮ ಲೀಲಾವತಿ’ಯೆಂದು ಕನ್ನಡಕ್ಕೆ ತಂದಾಗ ಕಥೆಯನ್ನು ಸುಖಾಂತವಾಗಿ ಮುಗಿಸಿದರು. ದುರಂತ ನಾಟಕಕ್ಕೆ ಒಗ್ಗದ ಅಂದಿನ ಪ್ರೇಕ್ಷಕರಿಗೆ ಎಳೆಯರ ಸಾವನ್ನು ನೋಡುವ ಮನಸ್ಸಿರಲಿಲ್ಲವೆಂದು ತೋರುತ್ತದೆ. ಆ ಮನಸ್ಸು ಮೃದುವಾದದ್ದೇ. ಆದರೆ ಬಾಳಿನಲ್ಲಿ ಕಡೆಯ ಅಂಕವನ್ನು ತಿದ್ದಿ ಬರೆಯುವ ಕವಿ ಸಿಕ್ಕುವುದಿಲ್ಲ.

ನಮ್ಮ ಮನೆಗಳಲ್ಲಿ

ಕರ್ಣನ ಕಥೆ ಇನ್ನೂ ಹಳತಾಗಿಲ್ಲ. ಬಹುಕಾಲ ಮೈಸೂರಿನಲ್ಲಿಯೇ ನೆಲೆಸಿದ್ದ ಎಸ್. ಎಲ್. ಭೈರಪ್ಪನವರು 1979ರ ‘ಪರ್ವ’ ಕಾದಂಬರಿಯಲ್ಲಿ ದೇವತೆಗಳನ್ನು ಬದಿಗಿರಿಸಿ ಈ ತಾಯಿಮಗನನ್ನು ಮನುಷ್ಯರನ್ನಾಗಿ ಕಂಡರು. 2021ರಲ್ಲಿ ಮೈಸೂರಿನ ರಂಗಾಯಣವು ಪ್ರಕಾಶ್ ಬೆಳವಾಡಿಯವರ ನಿರ್ದೇಶನದಲ್ಲಿ ಅದನ್ನು ರಂಗಕ್ಕೆ ತಂದಿತು. ಸುಮಾರು ಎಂಟು ಗಂಟೆಗಳ ಆ ದೀರ್ಘ ನಾಟಕಕ್ಕೆ ಪ್ರೇಕ್ಷಕರು ಬಂದು ಕುಳಿತರು. ಹಳೆಯ ಕಥೆಯೆಂದು ಯಾರೂ ಎದ್ದುಹೋಗುವಂತಿಲ್ಲ. ಕಥೆಯ ಮೂಲಪ್ರಶ್ನೆ ನಮ್ಮ ಮನೆಗಳಲ್ಲಿಯೇ ಓಡಾಡುತ್ತಿದೆ.

ಇಂದಿನ ಕುಂತಿಗೆ ಕಾನೂನು ಒಂದು ಬಾಗಿಲನ್ನು ತೆರೆದಿಟ್ಟಿದೆ. 2015ರ ಬಾಲನ್ಯಾಯ ಕಾಯಿದೆಯಂತೆ, ತಮ್ಮ ಕೈಮೀರಿದ ಕಾರಣಗಳಿಂದ ಮಗುವನ್ನು ಸಾಕಲಾರದ ತಾಯಿ ಅಥವಾ ತಂದೆ ಅದನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಒಪ್ಪಿಸಬಹುದು. ಮನಸ್ಸು ಬದಲಾಯಿಸಲು ಅವರಿಗೆ ಎರಡು ತಿಂಗಳ ಅವಕಾಶವೂ ಉಂಟು. ಪೆಟ್ಟಿಗೆಯೂ ಬೇಡ, ಹೊಳೆಯೂ ಬೇಡ. ದತ್ತು ತೆಗೆದುಕೊಂಡ ರಾಧೆ ಅಧಿರಥರಿಗೆ ಹೇಳಬೇಕಾದ ಮಾತು ಒಂದೇ: ಮಗುವಿಗೆ ಸತ್ಯವನ್ನು ಅದರ ವಯಸ್ಸಿಗೆ ತಕ್ಕಂತೆ, ನೀವೇ, ಮಡಿಲಲ್ಲಿ ಕೂರಿಸಿಕೊಂಡು ಹೇಳಿ. ಔತಣದ ಮನೆಯ ಕುಡುಕ ಹೇಳುವವರೆಗೆ ಕಾಯಬೇಡಿ.

ಹೆತ್ತ ಮಕ್ಕಳನ್ನು ಮನೆಯಲ್ಲಿಯೇ ಇಟ್ಟುಕೊಂಡಿರುವ ನಾವು ನಿಶ್ಚಿಂತರೇ? ಕೈಲಾಸಂ ಅವರೇ ತಮ್ಮ ‘ಟೊಳ್ಳು ಗಟ್ಟಿ’ಯಲ್ಲಿ, ಓದಿನಲ್ಲಿ ಮುಂದಿರುವ ಮಗನನ್ನು ಮೆರೆಸಿ, ಮನೆಯವರ ಕಷ್ಟಕ್ಕೆ ಒದಗುವ ಮಗನನ್ನು ಕಡೆಗಣಿಸುವ ಸಂಸಾರವನ್ನು ನಗುನಗುತ್ತಲೇ ಚುಚ್ಚಿದ್ದರು. ಅಂಕಪಟ್ಟಿ ಬಂದ ದಿನ ನೆಂಟರ ಮುಂದೆ ‘ನನ್ನ ಮಗ’ ಎನ್ನುವ ತಂದೆ, ಅಂಕ ಕಡಿಮೆಯಾದ ದಿನ ‘ನಿನ್ನ ಮಗ’ ಎಂದು ಹೆಂಡತಿಯ ಕಡೆ ತಿರುಗುವುದು ನಮಗೆ ತಿಳಿಯದ್ದಲ್ಲ. ಆ ಎರಡನೆಯ ದಿನವೇ ಮಗುವಿಗೆ ರಂಗಭೂಮಿ. ಅಂದು ಸುಮ್ಮನಿದ್ದವರ ಜಾಗಕ್ಕೆ ಮತ್ತಾರೋ ಬಂದು ನಿಲ್ಲುತ್ತಾರೆ. ಪುಣ್ಯವಿದ್ದರೆ ಅಜ್ಜಿ ಬರುತ್ತಾಳೆ, ಒಳ್ಳೆಯ ಮೇಷ್ಟ್ರು ಬರುತ್ತಾರೆ, ಪಕ್ಕದ ಮನೆಯ ಅತ್ತೆ ಬರುತ್ತಾಳೆ. ಪುಣ್ಯವಿಲ್ಲದಿದ್ದರೆ ದುರ್ಯೋಧನ ಬರುತ್ತಾನೆ. ಈಗಂತೂ ಅವನು ಅಂಗೈಯಗಲದ ದೂರವಾಣಿಯೊಳಗಿನಿಂದಲೂ ಬರಬಲ್ಲ. ಅವನು ಕೊಡುವ ಕಿರೀಟವೂ ಹೊಳೆಯುತ್ತದೆ. ಅದರ ಬೆಲೆ ಗೊತ್ತಾಗುವುದು ಹದಿನೇಳನೆಯ ದಿನ, ರಥದ ಗಾಲಿ ಹೂತಾಗ.

ಯುದ್ಧ ಮುಗಿದ ಮೇಲೆ ಗಂಗೆಯ ದಡದಲ್ಲಿ ಸತ್ತವರಿಗೆಲ್ಲ ತರ್ಪಣ ನಡೆಯುತ್ತಿತ್ತು. ಆಗ ಕುಂತಿ ಎದ್ದುಬಂದು, ಎಲ್ಲರ ಎದುರಿಗೆ, ಕರ್ಣನಿಗೂ ನೀರು ಬಿಡಿ, ಅವನು ನಿಮ್ಮ ಅಣ್ಣ, ನನ್ನ ಚೊಚ್ಚಲ ಮಗನೆಂದು ಹೇಳಿದಳು. ಧರ್ಮರಾಯ ಕುಸಿದುಹೋದ. ಇದನ್ನು ಮೊದಲೇ ಹೇಳಿದ್ದರೆ ಈ ಸಂಹಾರವೇ ನಡೆಯುತ್ತಿರಲಿಲ್ಲವೆಂದು ಗೋಳಾಡಿದ. ಕೂಸಿನ ಪೆಟ್ಟಿಗೆಯನ್ನು ಚಂಪಾನಗರಕ್ಕೆ ತೇಲಿಸಿಕೊಂಡು ಹೋದ ಗಂಗೆಯೇ ಅಂದು ತರ್ಪಣದ ನೀರಾದಳು. ಮಗನೆಂದು ಕರೆದ ಆ ಒಂದು ಮಾತು ಕಡೆಗೂ ನಾಲ್ಕು ಜನರ ಮುಂದೆ ಹೊರಬಂತು; ಆದರೆ ಅದನ್ನು ಕೇಳಲು ಕರ್ಣನಿರಲಿಲ್ಲ.